ಹುಳದ ಮನೆಯ ಕಾವಲು

ಮನೆಯ ರೇಷ್ಮೆ ಹುಳಗಳು ಒಂದು ದಿನ ಮೊದಲೇ ಹಣ್ಣಾಗಿ ಗೂಡಿಗೆ ಸಿದ್ಧವಾಗಿದ್ದು ಗಂಗಹನುಮಯ್ಯನವರ ಗ್ರಹಚಾರ. ದೊಡ್ಡಆಲಹಳ್ಳಿಯ ಜನ ‘ಮಿಲ್ಟ್ರಿ ಡಾಕ್ಟ್ರು’ ಎಂದು ಕರೆಯುತ್ತಿದ್ದ ಅವರು ಅಂದು ಚನ್ನಪಟ್ಟಣಕ್ಕೆ ಹೋಗಲೇಬೇಕಿತ್ತು.

“ಇಷ್ಟು ವರ್ಷ ಹೋಗದೋರು ಇವತ್ತೇ ಹೋಗ್ಬೇಕಾ?” ಹುಳಗಳನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದ ಹೆಂಡತಿ ದೊಡ್ಡಲಕ್ಷ್ಮಮ್ಮ ತಿರುಗಿಯೂ ನೋಡದೆ ಕೇಳಿದರು.

“ಅವನು ಇವತ್ತು ಊರು ಬಿಡ್ತಾನೆ ಕಣೆ. ಆಮೇಲೆ ಸಿಗೋದಿಲ್ಲ.”

ಅವನು ಎಂದರೆ ವಹಾಬ್. ಎಪ್ಪತ್ತೊಂದರ ಯುದ್ಧದಲ್ಲಿ ಗಾಯಗೊಂಡು ಬಂದ ಆ ಸಿಪಾಯಿಯ ಎಡಗಾಲನ್ನು ಕ್ಯಾಪ್ಟನ್ ಗಂಗಹನುಮಯ್ಯ ಡೇರೆಯೊಳಗೆ ಕತ್ತರಿಸಿ ತೆಗೆದಿದ್ದರು. ಕತ್ತರಿಸುವಾಗ ಅನುಮಾನ ಇರಲಿಲ್ಲ. ಅನುಮಾನ ಆಮೇಲೆ ಶುರುವಾಯಿತು. ಒಂದು ದಿನ ಕಾದಿದ್ದರೆ ಕಾಲು ಉಳಿಯುತ್ತಿತ್ತೇನೋ? ಕೇಳಬೇಕಾದ ಮನುಷ್ಯ ಪಕ್ಕದ ತಾಲ್ಲೂಕಿನಲ್ಲೇ ಬೊಂಬೆ ಕಡೆಯುತ್ತಿದ್ದ. ಗುಂಡಿಗೆ ಹೆದರದ ಡಾಕ್ಟರು ಚನ್ನಪಟ್ಟಣದ ಬಸ್ಸಿಗೆ ಹೆದರಿ ವರ್ಷಗಳನ್ನು ಕಳೆದಿದ್ದರು. ವಹಾಬ್ ಇನ್ನು ಮಗನ ಜೊತೆ ಬೊಂಬಾಯಿಯಲ್ಲೇ ಇರುತ್ತಾನಂತೆ ಎಂದು ಗೂಡು ಕೊಳ್ಳಲು ಬರುವ ರಾಮನಗರದ ಸಮದ್ ಹೇಳಿದ ಮೇಲೆ ಅವರಿಗೆ ನಿದ್ದೆ ಹತ್ತಿರಲಿಲ್ಲ. ಕ್ಷಮೆ ಕೇಳಬೇಕು. ಅವನು ಉಗಿದರೂ ಸರಿ.

ಹಣ್ಣಾದ ಹುಳಕ್ಕೆ ಹೊರಗಿನವರ ಕಾಲು ಆಗದು, ಯಾವ ವಾಸನೆಯೂ ಆಗದು. ಕಳೆದ ಬೆಳೆ ಹಾಗೇ ಹಾಳಾಗಿತ್ತು. ಡಾಕ್ಟರು ಎದುರುಮನೆಯ ಬೋರಲಿಂಗಯ್ಯನ ಕೈಗೆ ಕೋಲು ಕೊಟ್ಟು ಜಗಲಿಯ ಮೇಲೆ ನಿಲ್ಲಿಸಿದರು.

“ಹೊರಗಿನೋರು ಯಾರೇ ಬರಲಿ, ವಾಪಸ್ ಕಳಿಸು. ಮಾತಿಗೂ ನಿಲ್ಲಿಸ್ಕೋಬೇಡ. ಇದು ಆರ್ಡರ್!”

“ನೀವು ಓಗ್ಬುಟ್ಟು ಬನ್ನಿ ಡಾಕ್ಟ್ರೇ. ಹುಳ ಕೊಲ್ಲೋ ಊಜಿ ನೊಣನೂ ಒಳೀಕೆ ಬುಡಾಕಿಲ್ಲ.”

ಡಾಕ್ಟರಿಗೆ ನಂಬಿಕೆ ಬರಲಿಲ್ಲ. ಈ ಊರು ಅವರ ಒಂದು ಮಾತನ್ನೂ ಕೇಳಿದ್ದಿಲ್ಲ. ನೀರು ಕಾಯಿಸಿ ಕುಡಿಯಿರಿ ಎಂದರೆ ಕಾಯಿಸಿ ಸ್ನಾನ ಮಾಡುತ್ತಿತ್ತು.

ಬಸ್ಸು ಹತ್ತಬೇಕು ಎನ್ನುವಷ್ಟರಲ್ಲಿ ಅದೇ ಊರಿನ ಕಾವೇರಮ್ಮ ಅವರ ಬ್ಯಾಗು ಹಿಡಿದು ಜಗ್ಗಿದಳು.

“ಅದೆಂಥಾ ಮಾತ್ರೆ ಕೊಟ್ರಿ? ನನ್ ಸೊಸೆ ಜ್ವರ ಒಸಿನೂ ಬುಡ್ಲಿಲ್ಲ!”

“ಎಷ್ಟು ನುಂಗಿದಳು?”

“ಅವಳೆಲ್ಲಿ ನುಂಗ್ತಾಳೆ, ಮಾತ್ರೆ ಕಂಡ್ರೆ ವಾಂತಿ ಮಾಡ್ತಾಳೆ. ಅದಕ್ಕೇ ಅವಳ ಹೆಸರೇಳಿ ನಾನೇ ನುಂಗ್ದೆ.”

ಡಾಕ್ಟರು ಹಲ್ಲು ಕಚ್ಚಿಕೊಂಡು ಹೋಗಿ ನೋಡಿದರೆ ಸೊಸೆಯ ಮೈ ಕಾದ ಹೆಂಚಾಗಿತ್ತು. ಬಿಟ್ಟು ಬರುವಂತಿರಲಿಲ್ಲ. ಬಸ್ಸು ಬಿಟ್ಟು ಹೋಯಿತು.

ಮುಂದಿನ ಬಸ್ಸೂ ಕನಕಪುರ ಮುಟ್ಟುವ ಮೊದಲೇ ರಸ್ತೆ ಬದಿಯಲ್ಲಿ ನಿಂತುಬಿಟ್ಟಿತು. ಡ್ರೈವರ್ ಬೈರಪ್ಪ ಸೊಂಟ ಹಿಡಿದುಕೊಂಡು ಹಿಂದಕ್ಕೆ ತಿರುಗಿದ.

“ಡಾಕ್ಟ್ರೇ, ಒಂದು ಸೂಜಿ ಚುಚ್ಚಿ. ಇಲ್ದಿದ್ರೆ ಬಸ್ಸು ಇಲ್ಲೇ.”

ಇಡೀ ಬಸ್ಸು ಎದ್ದು ನಿಂತು ಸಲಹೆ ಕೊಟ್ಟಿತು. “ಬಲಗಡೆ ಚುಚ್ಚಿ, ಎಡಗಾಲಲ್ಲಿ ಕ್ಲಚ್ ತುಳೀಬೇಕು” ಎಂದರು ಒಬ್ಬರು. “ಬ್ರೇಕ್ ನಿಮ್ಮಪ್ಪ ತುಳೀತಾನೇನ್ಲಾ?” ಎಂದರು ಇನ್ನೊಬ್ಬರು. ಹಿಂದಿನ ಸೀಟಿನ ಮುದುಕಿಯೊಬ್ಬಳು ರವಿಕೆಯ ತೋಳು ಮೇಲೇರಿಸಿಕೊಂಡೇ ಬಂದಳು. “ಎಂಗೂ ಸೂಜಿ ಆಚೀಕೆ ತೆಗ್ದಿದೀರಿ, ನಂಗೂ ಒಂದು ಹಾಕ್ಬುಡಿ ಮಗಾ.”

ಚನ್ನಪಟ್ಟಣ ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ವಹಾಬನ ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಬಿಸಿ ಅರಗಿನ ವಾಸನೆ ಮೂಗಿಗೆ ಅಡರುತ್ತಿತ್ತು. ವಹಾಬ್ ಇದ್ದಾನಾ ಎಂದು ಕೇಳಿದಾಗ, ಬುಗುರಿಗೆ ಬಣ್ಣ ಹತ್ತಿಸುತ್ತಿದ್ದ ಅವನ ಮಗಳು ಮುನವ್ವರಾ ಸ್ಟೂಲು ಎಳೆದು ಹಾಕಿದಳು.

“ನಮ್ಮ ಅಬ್ಬಾ ಬೆಳಗ್ಗೇನೇ ಹೋದ್ರಲ್ಲ ಸಾರ್. ಹೊಸಾ ಮರದ ಕಾಲು ಕಡೆದು, ಕೆಂಪು ಹಳದಿ ಅರಗು ಹಾಕಿ, ತೊಟ್ಕೊಂಡು ಹೋದ್ರು. ಥೇಟ್ ಮದುಮಗ!”

“ಬೊಂಬಾಯಿಗಾ?”

“ರೈಲು ಸಂಜೆ ಬೆಂಗ್ಳೂರಿಂದ. ಅದಕ್ಕೆ ಮುಂಚೆ ದೊಡ್ಡಆಲಹಳ್ಳಿ ಡಾಕ್ಟ್ರನ್ನ ನೋಡ್ಬೇಕಂತೆ. ಎಷ್ಟೋ ವರ್ಷದಿಂದ ಅವರಿಗೆ ಒಂದು ಮಾತು ಹೇಳ್ಬೇಕು ಅಂತಿದ್ರು, ಊರೇ ಗೊತ್ತಿರಲಿಲ್ಲ. ಮೊನ್ನೆ ಸಮದ್ ಭಾಯಿ ಹೇಳಿದ್ರು.”

“ಏನು ಮಾತು?”

“ನಮಗೆ ಹೇಳಿದ್ರೆ ತಾನೇ! ಡಾಕ್ಟ್ರಿಗೇ ಹೇಳೋದು ಅಂತಾರೆ. ಅಂದಹಾಗೆ, ನೀವ್ಯಾರು ಸಾರ್?”

ಡಾಕ್ಟರು ಆಗಲೇ ಬೀದಿಗಿಳಿದಿದ್ದರು. ದಾರಿಯುದ್ದಕ್ಕೂ ಆ ಒಂದು ಮಾತನ್ನು ಹೊರಳಿಸಿ ಹೊರಳಿಸಿ ನೋಡಿದರು. ಬೈಗುಳವೇ? ಬೈಯುವವನು ಮದುಮಗನಂತೆ ಸಿಂಗರಿಸಿಕೊಂಡು ಹೋಗುತ್ತಾನೆಯೇ? ಅವನು ಕಾದು ಕೂತಿರಲಿ, ರೈಲು ತಪ್ಪಿದರೆ ತಪ್ಪಲಿ ಎಂದುಕೊಂಡರು.

ಮನೆ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಜಗಲಿಯ ಮೇಲೆ ಬೋರಲಿಂಗಯ್ಯ ಕೋಲು ಹಿಡಿದು ನೆಟ್ಟಗೆ ನಿಂತಿದ್ದ.

“ಯಾರಾದರೂ ಬಂದಿದ್ರಾ?”

“ಬಂದಿದ್ದ ಒಬ್ಬ, ಬಣ್ಣದ ಕಾಲಿನೋನು.”

“ಎಲ್ಲಿ ಕೂರಿಸಿದ್ದೀಯ?”

“ಕೂರಿಸಾದಾ! ಆ ಕಾಲು ಗಮ್ ಅಂತಿತ್ತು ಡಾಕ್ಟ್ರೇ, ಹೊಸ ಅರಗು. ಹುಳ ಉಳೀತಿತ್ತಾ? ಬೀದೀಲೇ ತಡ್ದೆ.”

“ದೊಡ್ಡಲಕ್ಷ್ಮಮ್ಮನ್ನಾದರೂ ಕರೀಬಾರದಿತ್ತೇನೋ?”

“ಅಮ್ಮಾವ್ರು ಹುಳದ ಕೋಣೇಲಿದ್ರು. ಯಾಕೆ ತೊಂದ್ರೆ ಅಂತ ಸುಮ್ಕಾದೆ.”

“ಏನಾದರೂ ಹೇಳಿದನಾ?”

“ಡಾಕ್ಟ್ರಿಗೆ ಒಂದು ಮಾತು ಹೇಳ್ಬುಡಪ್ಪಾ ಅಂತ ಬಾಯಿ ತೆಗ್ದ. ಮಾತಿಗೂ ನಿಲ್ಲಿಸ್ಕೋಬೇಡ ಅಂದಿದ್ರಲ್ಲ ನೀವು? ನಡಿಯಯ್ಯ ಅಂದೆ. ಇದು ಯಾರ ಆರ್ಡರು ಅಂತ ಕೇಳ್ದ. ಡಾಕ್ಟ್ರದ್ದೇ ಅಂದೆ. ಮೊಕ ಒಂಥರಾ ಆಯ್ತು ನೋಡಿ. ಆಮೇಲೆ ನೆಟ್ಟಗೆ ನಿಂತು, ನಿಮ್ ಮನೆ ಬಾಗಿಲಿಗೊಂದು ಸೆಲ್ಯೂಟ್ ಹೊಡ್ದು ಹೊಂಟೋದ. ಒಳ್ಳೆ ಮನ್ಸ, ಎದುರಾಡ್ಲಿಲ್ಲ.”

ಗಂಗಹನುಮಯ್ಯ ಖಾಲಿ ಬೀದಿಯನ್ನು ನೋಡುತ್ತಾ ನಿಂತರು. ಇಷ್ಟು ವರ್ಷಗಳಲ್ಲಿ ಇದೇ ಮೊದಲ ಸಲ ಊರು ಅವರ ಒಂದು ಮಾತನ್ನು ಅಕ್ಷರಶಃ ಪಾಲಿಸಿತ್ತು. ವಹಾಬನಂತೂ ಮೊದಲಿನಿಂದಲೂ ಪಾಲಿಸುವವನೇ. ಕಾಲು ತೆಗೆಯಬೇಕು ಎಂದಾಗಲೂ ಮಲಗಿದಲ್ಲಿಂದಲೇ ಕೈ ಹಣೆಗೆ ಎತ್ತಿದ್ದ.

“ರೀ, ಬಂದ್ರಾ?” ಒಳಗಿನಿಂದ ದೊಡ್ಡಲಕ್ಷ್ಮಮ್ಮ ಕೂಗಿದರು. “ಒಂದು ಹುಳನೂ ಸತ್ತಿಲ್ಲ, ನೋಡ್ಬನ್ನಿ!”

ಡಾಕ್ಟರು ಕಾಲೆಳೆಯುತ್ತಾ ಮೆಟ್ಟಿಲು ಹತ್ತಿದರು. ಬೋರಲಿಂಗಯ್ಯ ಮೂಗು ಅರಳಿಸಿ ಒಮ್ಮೆ ಮೂಸಿದ. ಕೋಲನ್ನು ಬಾಗಿಲಿಗೆ ಅಡ್ಡ ಹಿಡಿದ.

“ತಡೀರಿ ಡಾಕ್ಟ್ರೇ. ನಿಮ್ ಮೈಯೂ ಅರಗಿನ ವಾಸ್ನೆ ಹೊಡೀತೈತೆ.”