ನಲವತ್ತೊಂದನೇ ತಾಣದ ಮೆಟ್ಟಿಲ ದೀಪ

ಜನವರಿ ಒಂಬತ್ತರಂದು, ಅರಿಝೋನಾದ ಡ್ರೈ ಪಾಲೋ ಮನೆಗಾಡಿ ತಂಗುದಾಣದ ನಲವತ್ತೊಂದನೇ ತಾಣದಲ್ಲಿ, ಗಾಡಿಯ ಮೆಟ್ಟಿಲ ಕೆಳಗೆ ಗೇಣುದ್ದದ ಒಂದು ದೀಪ ಉರಿಯುತ್ತಿದ್ದುದು ಕಂಡುಬಂದಿತು. ಬೆಳಕಿನ ಬಣ್ಣ ಹಳದಿ. ಪ್ರಾಣಹಾನಿ ಆಗಿಲ್ಲ. ದೀಪಪಾಲನಾ ಸಮಿತಿ ಮರುದಿನವೇ ತುರ್ತುಸಭೆ ಕರೆಯಿತು.

ದೀಪ ಹಾಕಿದವರು ಆರ್ಡಿಸ್ ಟಾಲೆಫ್ಸನ್. ಉತ್ತರ ಡಕೋಟಾದ ಹಿಮಕ್ಕೆ ಬೆನ್ನು ಹಾಕಿ, ಗಂಡ ಆರ್ವಲ್ ಜೊತೆ ಹನ್ನೊಂದು ಚಳಿಗಾಲಗಳಿಂದ ನನ್ನ ಪಕ್ಕದಲ್ಲೇ ಗಾಡಿ ನಿಲ್ಲಿಸುತ್ತಿರುವವರು. ಆರ್ವಲ್‌ಗೆ ಎರಡು ವರ್ಷದಿಂದ ಕಣ್ಣು ಮಂದ. ಆದರೂ ಸಂಜೆ ಐದೂವರೆಗೆ ಸಭಾಮಂದಿರಕ್ಕೆ ಹೋಗಿ, ಇಸ್ಪೀಟು ಆಡಿ, ಏಳಕ್ಕೆ ಮರಳುವುದನ್ನು ಅವರು ತಪ್ಪಿಸಿದವರಲ್ಲ. ನವೆಂಬರಿನಲ್ಲಿ ಮಾತ್ರ ಮರಳುವಾಗ ಮೆಟ್ಟಿಲು ತಪ್ಪಿ ಮೊಣಕಾಲು ಒಡೆದುಕೊಂಡರು. ಮೆಟ್ಟಿಲಿಗೆ ದೀಪ ಹಾಕಿಸಿ, ಇಲ್ಲವೇ ಇಸ್ಪೀಟು ಬಿಡಿಸಿ ಎಂದು ಡಾಕ್ಟರು ಆರ್ಡಿಸ್‌ಗೆ ಹೇಳಿದರು.

ತಂಗುದಾಣದವರೇ ಹಂಚಿದ ‘ಮನೆಗಾಡಿಯವರಿಗೆ ಉಪಯುಕ್ತ ದೀಪ ಸಲಹೆಗಳು’ ಎಂಬ ಪುಸ್ತಿಕೆಯೂ ಅದನ್ನೇ ಹೇಳುತ್ತದೆ. ಒಳ್ಳೆಯ ಪುಸ್ತಿಕೆ. ಹಳೆಯ ಬಲ್ಬು ತೆಗೆದು ಎಲ್‌ಇಡಿ ಹಾಕಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ಬಿಳಿ ದೀಪಕ್ಕೆ ಹುಳ ಮುತ್ತುತ್ತವೆ, ಹಳದಿಗೆ ಅಷ್ಟಿಲ್ಲ. ಗಾಡಿಯ ಅಡಿಯಲ್ಲಿ ದೀಪದ ಸರ ಬಿಟ್ಟರೆ ಇಲಿಗಳು ವೈರು ಕಡಿಯಲು ಹಿಂಜರಿಯುತ್ತವೆ. ನಾಲ್ಕನೆಯದು, ಮೆಟ್ಟಿಲಿಗೊಂದು ಸಣ್ಣ ದೀಪವಿರಲಿ. ಕಳೆದ ವಾರ್ಷಿಕ ಸಭೆಯಲ್ಲಿ ಊಟ ಆರುತ್ತಿದ್ದ ಕಾರಣ, ಈ ಸಲಹೆಗಳನ್ನೆಲ್ಲ ಓದದೆ ಒಟ್ಟಿಗೆ ನಿಯಮಗಳೆಂದು ಅಂಗೀಕರಿಸಲಾಗಿತ್ತು. ಹೀಗಾಗಿ ಮೆಟ್ಟಿಲ ದೀಪ ಕಡ್ಡಾಯ. ಆದರೆ ಅದರ ಬೆಳಕಿನ ಅಳತೆ ನಲವತ್ತು ಲಕ್ಸ್ ಮೀರಬಾರದು, ಅರ್ಜಿ ಬಂದ ಮೇಲೆ ಸಮಿತಿ ಅಳೆದು ಪ್ರಮಾಣಪತ್ರ ಕೊಡಬೇಕು. ಮೂರು ನೋಟಿಸು ಬಂದವರು ತಾಣ ಬಿಡಬೇಕು. ಬಿಟ್ಟ ತಾಣಕ್ಕೆ ಎಂಬತ್ತಾರು ಗಾಡಿಗಳು ಸರದಿಯಲ್ಲಿವೆ.

ಸಮಿತಿಯ ಅಧ್ಯಕ್ಷ ಡೆಲ್ಬರ್ಟ್ ಹ್ಯಾಸನ್‌ಕ್ಯಾಂಪ್ ನೆಬ್ರಾಸ್ಕಾದಲ್ಲಿ ಮೂವತ್ತು ವರ್ಷ ತೂಕ ಮತ್ತು ಅಳತೆ ಇನ್‌ಸ್ಪೆಕ್ಟರ್ ಆಗಿದ್ದವರು. ನಿವೃತ್ತರಾಗಿದ್ದಾರೆಂದು ಅವರಿಗೆ ಯಾರೂ ಸರಿಯಾಗಿ ತಿಳಿಸಿದಂತಿಲ್ಲ. ಸಮಿತಿಯವರೆಲ್ಲ ನಾಲ್ಕೂವರೆಗೆ ರಾತ್ರಿಯ ಊಟ ಮುಗಿಸಿ, ಇಸ್ಪೀಟು ಆಡಿ, ಏಳೂವರೆಗೆ ಮಲಗುವವರಾದ್ದರಿಂದ ದೀಪ ಅಳೆಯುವ ವೇಳೆ ಬೆಳಗ್ಗೆ ಹನ್ನೊಂದರಿಂದ ಹನ್ನೆರಡು.

ಡೆಲ್ಬರ್ಟ್ ಗಾಲ್ಫ್ ಗಾಡಿಯಿಂದಿಳಿದು, ಸಮಿತಿಯ ಕಿತ್ತಳೆ ಜಾಕೆಟ್ಟಿನ ಗುಂಡಿ ಹಾಕಿಕೊಂಡು, ಬೆಳಕಿನ ಮಾಪಕವನ್ನು ಮೆಟ್ಟಿಲ ಮೇಲಿಟ್ಟರು.

“ಆರ್ಡಿಸ್ ಅವರೇ, ನಿಮ್ಮ ದೀಪ ಅರವತ್ತೆರಡು ಸಾವಿರ ಲಕ್ಸ್ ಕೊಡ್ತಾ ಇದೆ.”

“ಅದು ಸೂರ್ಯ ಕಣಯ್ಯ, ಡೆಲ್ಬರ್ಟ್!”

“ಸೂರ್ಯನ ಕಡೆಯಿಂದ ಅರ್ಜಿ ಬಂದಿಲ್ಲ. ನಲವತ್ತೊಂದನೇ ತಾಣದಿಂದ ಬಂದಿದೆ.”

“ನಿನ್ನೆ ನಮ್ಮನೇಲಿ ಸೇಬಿನ ಪೈ ತಿನ್ನುವಾಗ ನನ್ನ ‘ನೀನು’ ಅಂತಲೇ ಕರೀತಿದ್ದೆ. ಇವತ್ತೇನು ಇಷ್ಟೊಂದು ಮರ್ಯಾದೆ?”

“ನಿನ್ನೆ ಜಾಕೆಟ್ ಹಾಕಿರಲಿಲ್ಲ.”

ಮೊದಲ ನೋಟಿಸು ಹೀಗೆ ಬಂತು.

ಮರುದಿನ ಆರ್ಡಿಸ್ ದೀಪ ಆರಿಸಿ, “ಈಗ ಅಳೆ, ನೋಡೋಣ” ಅಂದರು. ಮೋಡವಿಲ್ಲದ ದಿನ, ಮಾಪಕ ಅರವತ್ತಮೂರು ಸಾವಿರ ತೋರಿಸಿತು. ‘ದೀಪ ಆರಿಸಿದ ನಂತರ ಬೆಳಕು ಒಂದು ಸಾವಿರದಷ್ಟು ಹೆಚ್ಚಿದೆ. ವೈರಿಂಗ್ ದೋಷವಿರುವ ಶಂಕೆ’ ಎಂದು ಡೆಲ್ಬರ್ಟ್ ಬರೆದುಕೊಂಡರು. ಇದು ಎರಡನೇ ನೋಟಿಸು.

“ಇಸ್ಪೀಟು ಬಿಟ್ಬಿಡ್ತೀನಿ ಬಿಡೇ,” ಅಂದರು ಆರ್ವಲ್. “ಜಾಗ ಹೋದ್ರೆ ಈ ವಯಸ್ಸಲ್ಲಿ ಎಲ್ಲಿ ಅಂತ ಹುಡುಕೋದು?”

“ನೀವು ಸಂಜೆಯೆಲ್ಲ ಗಾಡೀಲೇ ಕೂತ್ರೆ, ನಾನು ಎಲ್ಲಿ ಅಂತ ಹೋಗ್ಲಿ?” ಅಂದರು ಆರ್ಡಿಸ್, ಮತ್ತು ಸಮಿತಿಯ ಸಭೆಗೆ ಹೊರಟರು. ನಾನೂ ಹೋದೆ. ಸಭೆಯಲ್ಲಿ ಕಾಫಿ ಇರುತ್ತದೆ.

“ಡೆಲ್ಬರ್ಟ್, ದಿನಾ ಏಳು ಗಂಟೆಗೆ ಆಟ ಮುಗಿಸ್ಕೊಂಡು ನಮ್ಮ ಮೆಟ್ಟಿಲ ಮುಂದೇನೇ ಹೋಗ್ತೀಯ. ಆಗ ಕತ್ತಲಾಗಿರುತ್ತೆ. ಒಂದು ನಿಮಿಷ ನಿಂತು ಅಳೆದ್ರೆ ನಿನ್ನ ಗಂಟೇನು ಹೋಗುತ್ತೆ?”

“ಅದು ನಮ್ಮ ಖಾಸಗಿ ಕತ್ತಲು. ಸಮಿತಿಯ ಕತ್ತಲಲ್ಲ.”

“ಹಾಗಾದ್ರೆ ಸಮಿತಿಗೇ ಅಂತ ಒಂದು ಕತ್ತಲು ಮಾಡ್ಕೊಂಡ್ರಾಯ್ತು,” ಅಂದರು ಕಾರ್ಯದರ್ಶಿ ವಾಂಡಾ ಪ್ರೊಹಾಸ್ಕಾ. “ನನ್ನ ಅಳಿಯನ ಅಂಗಡೀಲಿ ಕಪ್ಪು ಟಾರ್ಪಾಲು ಸಿಗುತ್ತೆ.”

ಸಲಹೆ ಸರ್ವಾನುಮತದಿಂದ ಅಂಗೀಕೃತವಾಯಿತು. ಟಾರ್ಪಾಲು ಅದೇ ಅಂಗಡಿಯದೇ ಆಗಿರಬೇಕು, ಬೇರೆ ಅಂಗಡಿಗಳ ಕತ್ತಲಿನ ಗುಣಮಟ್ಟ ಖಚಿತವಿಲ್ಲ ಎಂಬ ಉಪನಿಯಮವನ್ನೂ ಸೇರಿಸಲಾಯಿತು.

ಸೋಮವಾರ ಹನ್ನೊಂದು ಗಂಟೆಗೆ, ಮೆಟ್ಟಿಲ ಸುತ್ತ ಇಳಿಬಿಟ್ಟ ಟಾರ್ಪಾಲಿನೊಳಗೆ ಡೆಲ್ಬರ್ಟ್ ಮಾಪಕ ಹಿಡಿದು ನುಸುಳಿದರು. ಬೆವರೊರೆಸಿಕೊಳ್ಳುತ್ತ ಹೊರಬಂದು, “ಹದಿನೆಂಟು ಲಕ್ಸ್. ಅಭಿನಂದನೆಗಳು” ಎಂದರು. ಆರ್ಡಿಸ್ ಡೆಲ್ಬರ್ಟ್ ಕೈ ಕುಲುಕಿದರು. ತಾಣ ಉಳಿಯಿತು. ಆಮೇಲೆ ಪ್ರಮಾಣಪತ್ರ ಓದಿದರು:

‘ಸದರಿ ದೀಪವನ್ನು ಯಾವ ಸ್ಥಿತಿಯಲ್ಲಿ ಅಳೆಯಲಾಗಿದೆಯೋ ಅದೇ ಸ್ಥಿತಿಯಲ್ಲಿ ಮಾತ್ರ ಉರಿಸತಕ್ಕದ್ದು. ಅಂದರೆ ಬೆಳಗ್ಗೆ ಹನ್ನೊಂದರಿಂದ ಹನ್ನೆರಡರವರೆಗೆ, ಟಾರ್ಪಾಲು ಇಳಿಬಿಟ್ಟು. ಇತರ ವೇಳೆಯಲ್ಲಿ ಉರಿಸಿದರೆ ಮೂರನೇ ನೋಟಿಸು ನೀಡಲಾಗುವುದು.’

“ಸಂಜೆ ಏಳಕ್ಕೆ?” ಎಂದು ಆರ್ಡಿಸ್ ಕೇಳಿದರು.

“ಸಂಜೆ ಅಳೆದಿಲ್ಲವಲ್ಲ,” ಎಂದರು ಡೆಲ್ಬರ್ಟ್, ನಿಜವಾದ ಸಹಾನುಭೂತಿಯಿಂದ.

ಮಾರ್ಚ್ ಹೊತ್ತಿಗೆ ನೂರಾ ಹನ್ನೆರಡು ತಾಣಗಳೂ ಪ್ರಮಾಣಪತ್ರ ಪಡೆದಿದ್ದವು. ನನ್ನದೂ ಇದೆ, ಹದಿನಾರು ಲಕ್ಸ್. ಹನ್ನೊಂದು ಹೊಡೆಯುತ್ತಲೇ ಎಲ್ಲರೂ ಟಾರ್ಪಾಲು ಇಳಿಬಿಟ್ಟು ದೀಪ ಹಚ್ಚುತ್ತೇವೆ, ಹನ್ನೆರಡಕ್ಕೆ ಆರಿಸುತ್ತೇವೆ. ಸೂರ್ಯ ಮುಳುಗಿದ ಮೇಲೆ ತಂಗುದಾಣದಲ್ಲಿ ಪೂರ್ತಿ ಕತ್ತಲೆಯಿರುವುದರಿಂದ ನಕ್ಷತ್ರಗಳು ಬಹಳ ಚೆನ್ನಾಗಿ ಕಾಣುತ್ತವೆ. ಮೊಣಕಾಲು ಒಡೆದುಕೊಂಡವರ ಸಂಖ್ಯೆ ಒಂಬತ್ತಕ್ಕೆ ಏರಿದೆಯಾದರೂ, ಒಂಬತ್ತೂ ಅನುಮೋದಿತ ವೇಳೆಯ ಹೊರಗೆ ನಡೆದವಾದ್ದರಿಂದ ವರದಿಯಲ್ಲಿ ಸೇರಿಸಿಲ್ಲ.

ಇಸ್ಪೀಟು ಈಗ ಬೆಳಗ್ಗೆ ಹನ್ನೊಂದಕ್ಕೆ, ನಲವತ್ತೊಂದನೇ ತಾಣದ ಟಾರ್ಪಾಲಿನೊಳಗೆ ನಡೆಯುತ್ತದೆ. ಹದಿನೆಂಟು ಲಕ್ಸಿನಲ್ಲಿ ಎಲ್ಲರ ಕಣ್ಣೂ ಮಂದ. ಕಳೆದ ಮಂಗಳವಾರ ಆರ್ವಲ್ ಮೂರು ಆಟ ಗೆದ್ದರು.