ಹೊಗೆರಾಯರ ನವಪತ್ರ ಚೂರ್ಣ

ಹೊಗೆ ಕಂಡರೆ ಕೂಗುವ ಅಲಾರಂ ಮಾರುವವನು ತನ್ನ ಮನೆಯಲ್ಲೇ ಹೊಗೆ ಎಬ್ಬಿಸಬಾರದು. ಇಷ್ಟು ಸಣ್ಣ ವಿಷಯ ಹೊಗೆರಾಯರಿಗೆ ಹೊಳೆಯಲಿಲ್ಲ. (ಹೊಗೆರಾಯರು ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಆಫೀಸಿನವರು ಪ್ರೀತಿಯಿಂದ ಇಟ್ಟದ್ದು. ಪ್ರೀತಿಯಿಂದ ಎಂದು ಅವರು ನಂಬಿದ್ದಾರೆ.)

ಹುಡುಗಿಯರ ಹಾಸ್ಟೆಲ್ಲಿನ ವಾರ್ಡನ್ನಮ್ಮ ಕೋಣೆಗೊಂದು ಅಲಾರಂ ಹಾಕಿಸುವ ಯೋಚನೆಯಲ್ಲಿದ್ದರು. ಮೆಸ್ಸಿನ ಸಪ್ಪೆ ಊಟ ಸೇರದ ಹುಡುಗಿಯರು ಕೋಣೆಯೊಳಗೇ ಕದ್ದು ಸ್ಟೌ ಹಚ್ಚುತ್ತಿದ್ದರು. ಅದೇ ಆಕೆಯ ತಲೆನೋವು. ಈ ಆರ್ಡರ್ ಸಿಕ್ಕರೆ ಹೊಗೆರಾಯರ ಕುರ್ಚಿ ಭದ್ರ, ತಪ್ಪಿದರೆ ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುವ ಕೆಲಸ ಎಂದು ಮ್ಯಾನೇಜರು ಮುಖಕ್ಕೇ ಹೇಳಿದ್ದರು. ಹಾಗಾಗಿ ರಾಯರು ವಾರ್ಡನ್ನಮ್ಮನ ಮುಂದೆ ಎದೆ ತಟ್ಟಿಕೊಂಡರು. "ಮೇಡಂ, ಈ ಅಲಾರಮ್ಮಿಗೆ ಮೋಸ ಮಾಡೋಕೆ ಆ ಬ್ರಹ್ಮನಿಂದಲೂ ಆಗಲ್ಲ!"

ಅಲ್ಲಿಗೇ ಬಾಯಿ ಮುಚ್ಚಿದ್ದರೆ ಚೆನ್ನಾಗಿತ್ತು. ಮಾತಿನ ಭರದಲ್ಲಿ, ಕೆಂಡದ ಮೇಲೆ ಸುಟ್ಟ ಕೋಳಿಗೂ ಅಣಬೆಗೂ ತಾವು ಹಾಕುವ ಒಣ ಸೊಪ್ಪಿನ ಪುಡಿಯನ್ನೂ ಹೊಗಳಿಕೊಂಡರು. "ನವಪತ್ರ ಚೂರ್ಣ ಅಂತ. ನನ್ನದೇ ಆವಿಷ್ಕಾರ." (ಕಿಟಕಿಯ ಕುಂಡಗಳಲ್ಲಿ ಪುದೀನ, ರೋಸ್‌ಮೆರಿ, ಓರೆಗಾನೊ ಬೆಳೆಸಿ, ನೆರಳಲ್ಲಿ ಒಣಗಿಸಿ, ಬೆಳ್ಳುಳ್ಳಿ ಮೆಣಸು ಸೇರಿಸಿ ಕುಟ್ಟುವವಳು ಹೆಂಡತಿ. ರಾಯರದ್ದು ಮೂರು ಎಲೆಗೆ 'ನವ' ಎಂದು ಹೆಸರಿಟ್ಟ ಶ್ರಮ ಮಾತ್ರ.)

"ಹಾಗಾದ್ರೆ ಭಾನುವಾರ ನಿಮ್ಮನೆಗೇ ಬರ್ತೀನಿ," ಎಂದರು ವಾರ್ಡನ್ನಮ್ಮ. "ಊಟಾನೂ ಆಗತ್ತೆ, ಮಾರೋರ ಮನೇಲಿ ಅಲಾರಂ ಹೇಗಿದೆ ಅಂತ ನೋಡಿದ ಹಾಗೂ ಆಗತ್ತೆ."

ಭಾನುವಾರ ಬಾಲ್ಕನಿಯಲ್ಲಿ ಇದ್ದಿಲು ಹೊತ್ತಿಸಿದ್ದೇ ತಡ, ನಡುಮನೆಯ ಚಾವಣಿಯಲ್ಲಿದ್ದ ಅಲಾರಂ ಕಿವಿ ಹರಿಯುವಂತೆ ಅರಚಿತು. ಕೆಳಗಿನ ಮನೆಯವರು ಬಂದು ಬೈದು ಹೋದರು, ಎದುರು ಮನೆಯವರು ಬರದೆಯೇ ಬೈದರು. ರಾಯರು ಸ್ಟೂಲು ಹತ್ತಿ, ಕೈಗೆ ಸಿಕ್ಕಿದ ಹೆಂಡತಿಯ ಪ್ಲಾಸ್ಟಿಕ್ ಸ್ನಾನದ ಟೋಪಿಯನ್ನು ಅದರ ಮೋರೆಗೆ ತೊಡಿಸಿಬಿಟ್ಟರು. ಟೋಪಿ ಗುಲಾಬಿ ಬಣ್ಣದ್ದು, ಅಂಚಿಗೆ ನೆರಿಗೆ ಬೇರೆ. ಅಲಾರಂ ಗಪ್‌ಚುಪ್ಪಾಯಿತು.

"ರೀ, ಇದೇನ್ರೀ ಅವತಾರ?"

"ಸುಟ್ಟಾದ ಮೇಲೆ ತೆಗೀತೀನಿ ಕಣೇ. ಅವರು ಬರೋದು ಇನ್ನೂ ತಡ."

"ಏನಾದ್ರೂ ಮಾಡ್ಕೊಳ್ಳಿ, ಆ ಪುಡಿ ಮಾತ್ರ ಮುಟ್ಬೇಡಿ. ಒಣ ಸೊಪ್ಪು ನೇರ ಕೆಂಡಕ್ಕೆ ಬಿದ್ರೆ ಕರಕಲಾಗತ್ತೆ, ಕಣ್ಣು ಮೂಗು ಎಲ್ಲಾ ಉರಿಯತ್ತೆ. ಎಣ್ಣೇಲಿ ಕಲಸಿಟ್ಟಿದೀನಿ, ಇಳಿಸೋ ಮುಂಚೆ ನಾನೇ ಸವರ್ತೀನಿ."

"ಆವಿಷ್ಕಾರ ಮಾಡಿದೋನಿಗೇ ಪಾಠಾನಾ?"

"ಯಾವಾಗ ಮಾಡಿದ್ರಿ, ನಿದ್ದೇಲಾ?"

ಅಷ್ಟರಲ್ಲೇ ಕರೆಗಂಟೆ ಸದ್ದು ಮಾಡಿತು. ವಾರ್ಡನ್ನಮ್ಮ ಹೇಳಿದ್ದಕ್ಕಿಂತ ಮೊದಲೇ ಬಂದಿದ್ದರು. ಬಂದವರು, ಮನೆಯಲ್ಲಿ ಇನ್ನೆಲ್ಲೂ ಕುರ್ಚಿಯೇ ಇಲ್ಲವೇನೋ ಎಂಬಂತೆ ಸರಿಯಾಗಿ ಟೋಪಿಯ ಕೆಳಗೇ ಕುಳಿತರು.

ಆಕೆಯ ದೃಷ್ಟಿ ಮೇಲೇರದಂತೆ ಕಾಯುವುದೇ ಆ ಕ್ಷಣದಿಂದ ರಾಯರ ಬಾಳಿನ ಪರಮಗುರಿಯಾಯಿತು.

"ನೆಲ ನೋಡಿ ಮೇಡಂ, ಹೊಸ ಟೈಲ್ಸು."

"ಚೆನ್ನಾಗಿದೆ. ಅಲಾರಂ ಎಲ್ಲಿ?"

"ಮೊದ್ಲು ಊಟ, ಆಮೇಲೆ ವ್ಯವಹಾರ!"

"ಸೆಕೆ ಅಲ್ವಾ? ಫ್ಯಾನ್ ಇಲ್ವೇ ಇಲ್ಲಿ?" ಎಂದು ಆಕೆ ಕತ್ತು ಎತ್ತತೊಡಗಿದಾಗ ರಾಯರ ಜೀವ ಬಾಯಿಗೆ ಬಂತು. ಮೇಜಿನ ಮೇಲಿದ್ದ ಕಂಪನಿಯ ಜಾಹೀರಾತು ಹಾಳೆಯನ್ನು ಎಳೆದುಕೊಂಡು, ಆಕೆಯ ಮುಖಕ್ಕೆ ಅಡ್ಡ ಹಿಡಿದು ಬೀಸಿದ್ದೇ ಬೀಸಿದ್ದು. ಬಾಲ್ಕನಿಯಿಂದ ಹೆಂಡತಿ ಕಣ್ಣಲ್ಲೇ ಬೈದಳು.

ಸದ್ಯ, ತಟ್ಟೆ ಬಂತು. ಕೋಳಿ ತುಂಡಿನ ಮೇಲೆ ಹಸಿರು ಎಣ್ಣೆ ಮಿರುಗುತ್ತಿತ್ತು, ಅಣಬೆಗೆ ಹೊಗೆಯ ಹದವಾದ ಕಂಪು ಹತ್ತಿತ್ತು. ವಾರ್ಡನ್ನಮ್ಮ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ಆಹಾ! ಏನು ಘಮ!"

ರಾಯರಿಗೆ ಜ್ಞಾನೋದಯವಾಯಿತು. ಕಣ್ಣು ಮುಚ್ಚಿದವರಿಗೆ ಚಾವಣಿ ಕಾಣುವುದಿಲ್ಲ! ಘಮ ಹೆಚ್ಚಿದಷ್ಟೂ ಕಣ್ಣು ಮುಚ್ಚಿರುತ್ತದೆ. ಅವರು ಬಾಲ್ಕನಿಗೆ ಓಡಿ, ಹೆಂಡತಿ "ಬೇಡಾ!" ಅನ್ನುವಷ್ಟರಲ್ಲಿ ಡಬ್ಬಿಯ ಒಣ ಪುಡಿಯನ್ನು ಹಿಡಿ ತುಂಬ ಕೆಂಡಕ್ಕೆ ಸುರಿದುಬಿಟ್ಟರು.

ಚಟಪಟ ಎಂದಿತು, ಅಷ್ಟೆ. ಆಮೇಲೆ ದಟ್ಟ ಹಳದಿ ಹೊಗೆ ಕರೆಯದೆ ಬಂದ ನೆಂಟನಂತೆ ನಡುಮನೆಗೆ ನುಗ್ಗಿತು. ಹೆಂಡತಿ ಕೆಮ್ಮಿದಳು, ರಾಯರು ಕೆಮ್ಮಿದರು. ವಾರ್ಡನ್ನಮ್ಮನಿಗೆ ಮಾತ್ರ ಸೀನು ಬಂತು.

"ಆ..." ಎಂದರು. ಗದ್ದ ಕೊಂಚ ಮೇಲೆದ್ದಿತು. ರಾಯರು ದೇವರನ್ನು ನೆನೆದರು.

"ಆ... ಆ..." ಗದ್ದ ಇನ್ನೂ ಮೇಲೆ ಹೋಯಿತು.

"ಆ... ಆ... ಆ..." ಕತ್ತು ಪೂರ್ತಿ ಹಿಂದಕ್ಕೆ ವಾಲಿತು. ಬಂದ ಸೀನು ಅಲ್ಲೇ ನಿಂತುಹೋಯಿತು.

"ಅದೇನು, ಗುಲಾಬಿ ಬಣ್ಣದ್ದು?"

ಹೆಂಡತಿಯೇ ಒಳಗೆ ಬಂದು ಸ್ಟೂಲು ಹತ್ತಿ ಟೋಪಿ ಕಿತ್ತಳು. ತಕ್ಷಣ ಅಲಾರಂ ಅಷ್ಟು ಹೊತ್ತಿನ ಬಾಕಿಯನ್ನೆಲ್ಲ ಸೇರಿಸಿ ಕಿರುಚಿಕೊಂಡಿತು. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಗಿ ರಾಯರು ಕೂಗಿದರು:

"ನೋಡಿದ್ರಾ ಮೇಡಂ! ಎಷ್ಟು ಚೆನ್ನಾಗಿ ಕೆಲಸ ಮಾಡತ್ತೆ!"

ವಾರ್ಡನ್ನಮ್ಮ ಸದ್ದು ನಿಲ್ಲುವವರೆಗೆ ಕಾದು, ಕಣ್ಣೊರೆಸಿಕೊಂಡು, ಶಾಂತವಾಗಿ ಹೇಳಿದರು. "ಮಾಡತ್ತೆ. ಟೋಪೀನೂ ಅಷ್ಟೇ ಚೆನ್ನಾಗಿ ಕೆಲಸ ಮಾಡತ್ತೆ. ನಮ್ಮ ಹಾಸ್ಟೆಲ್ಲಲ್ಲಿ ಒಬ್ಬೊಬ್ಬ ಹುಡುಗಿ ಹತ್ರಾನೂ ಇಂಥದ್ದೊಂದು ಇದೆ. ಬ್ರಹ್ಮನ ಕೈಲಿ ಆಗದ್ದನ್ನ ನೀವೇ ಮಾಡಿ ತೋರಿಸಿದ್ರಿ."

ರಾಯರಿಗೆ ಗೋದಾಮು ಕಣ್ಣಿಗೆ ಕಟ್ಟಿತು. ಆಕೆ ಅವರನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದರು.

"ಈ ಪುಡಿ ಮಾಡೋದು ನೀವೇ ಅಲ್ವಾ? ಮಾಡಿದೋರು ಯಾರೂ ಅದನ್ನ ಹೀಗೆ ಕೆಂಡಕ್ಕೆ ಸುರಿಯಲ್ಲ. ನಮ್ಮ ಮೆಸ್ಸಿಗೆ ಮಾಡಿಕೊಡಿ. ಊಟಕ್ಕೆ ಇಷ್ಟು ರುಚಿ ಬಂದ್ರೆ ಹುಡುಗೀರು ಯಾಕೆ ಕದ್ದು ಸ್ಟೌ ಹಚ್ತಾರೆ? ಅಲಾರಮ್ಮೇ ಬೇಕಾಗಲ್ಲ."

ಹೊಗೆರಾಯರು ಈಗ ಹಗಲು ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುತ್ತಾರೆ. ಸಂಜೆ ಮನೆಯಲ್ಲಿ ಕುಳಿತು ಒಣಗಿದ ಕಡ್ಡಿಗಳಿಂದ ಎಲೆ ಬಿಡಿಸುತ್ತಾರೆ. "ಕಡ್ಡಿ ಸೇರಿಸ್ಬೇಡಿ ರೀ, ಗಿರಾಕಿಗಳ ಮಾಲು," ಎಂದು ಹೆಂಡತಿ ಒಳಗಿನಿಂದ ಕೂಗುತ್ತಾಳೆ. ಚಾವಣಿಯಲ್ಲಿ ಅಲಾರಂ ಬೋಳುತಲೆಯಲ್ಲಿದೆ. ಗುಲಾಬಿ ಟೋಪಿ ರಾಯರ ತಲೆಯ ಮೇಲಿದೆ. ಪುಡಿಯಲ್ಲಿ ಕೂದಲು ಬೀಳಬಾರದೆಂದು ಹೆಂಡತಿಯೇ ಹಾಕಿದ್ದು.