ಶಹನಾಯಿ ಊದದೆ ಸೊಸೆ ಮನೆಗೆ ಬರಲಾರಳು

ಗೊತ್ತಿಲ್ಲ ಎಂದು ಹೇಳುವುದು ಕೆಲವರಿಗೆ ಬಹಳ ಸುಲಭ. ನನಗೆ ಆ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಹೊಸ ಊರಿನಲ್ಲಿ ಯಾರಾದರೂ ದಾರಿ ಕೇಳಿದರೂ ಸಾಕು, ಒಂದು ಕಡೆ ಕೈ ತೋರಿಸಿಬಿಡುತ್ತೇನೆ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಕಲಿತದ್ದು ಕಡಿಮೆಯಾದಷ್ಟೂ ಹೇಳುವ ಧೈರ್ಯ ಹೆಚ್ಚಿತು. ಇದರಿಂದ ಲೋಕಕ್ಕೆ ಅಂಥ ಹಾನಿಯೇನೂ ಆಗಿಲ್ಲ. ಆದರೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ಕೆಲವು ತಿಂಗಳು ಸಪ್ಪೆ ಚಹಾ ಕುಡಿಯಬೇಕಾಯಿತು.

ಆಗ ಇಳಕಲ್ಲಿಗೆ ಟಿ.ವಿ. ಬಂದ ಹೊಸತು. ನಮ್ಮ ಓಣಿಯಲ್ಲಿ ಅದು ಇದ್ದದ್ದು ನೂಲಿಗೆ ಬಣ್ಣ ಹಾಕುವ ಮಲ್ಲಪ್ಪ ಕಾಕಾನ ಮನೆಯಲ್ಲಿ ಮಾತ್ರ. ವಾರಕ್ಕೊಮ್ಮೆ ಸಂಜೆ ಅತ್ತೆ-ಸೊಸೆಯರ ಒಂದು ಹಿಂದಿ ಧಾರಾವಾಹಿ ಬರುತ್ತಿತ್ತು. ಅಕ್ಕನಿಗೆ ನೋಡುವ ಆಸೆ. ಆದರೆ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು, ಸೀರೆಯ ಒಡಲಿಗೆ ಸೆರಗನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಲು ಕೂತವಳು ನಡುವೆ ಏಳುವಂತಿಲ್ಲ. "ನೀ ನೋಡ್ಕೊಂಡ ಬಂದು ಹೇಳೋ ತಮ್ಮಾ. ಹಿಂದಿ ತಿಳೀತೈತಿಲ್ಲೊ ನಿನಗ?" ಎಂದಳು.

"ಅಷ್ಟೂ ತಿಳೀತೈತಿ" ಎಂದೆ.

ಒಂದಕ್ಷರವೂ ತಿಳಿಯಲಿಲ್ಲ. ತಿಳಿದದ್ದೆಂದರೆ ಮೊದಲಿಗೆ ಬರುವ, ಧಾರಾವಾಹಿ ತೆಗೆದ ಕಂಪನಿಯ ಗುರುತು ಮಾತ್ರ. ಕತ್ತಲಲ್ಲಿ ಒಂದು ದೀಪ ಗಿರಗಿರ ತಿರುಗಿ ನಿಲ್ಲುತ್ತಿತ್ತು, ಹಿಂದೆ ಸಿತಾರದ ನಾದ. ಅದು ಎಲ್ಲ ವಾರ ಒಂದೇ ಥರ ಇರುತ್ತಿರಲಿಲ್ಲ. ಒಮ್ಮೆ ಪೂರ್ತಿ ಬರುತ್ತಿತ್ತು, ಒಮ್ಮೆ ಅರ್ಧಕ್ಕೇ ತುಂಡಾಗುತ್ತಿತ್ತು, ಒಮ್ಮೆ ಬರೀ ಗಂಟೆ. ಕಂಪನಿಯವರು ಸುಮ್ಮನೆ ಯಾಕೆ ಬದಲಿಸಿಯಾರು? ಕಥೆಯ ಸುಳಿವು ಕೊಡುತ್ತಿದ್ದಾರೆಂದು ನಾನೇ ಒಂದು ಶಾಸ್ತ್ರ ಕಟ್ಟಿದೆ. ಸಿತಾರ ಪೂರ್ತಿಯಾದರೆ ಸುಖ, ತುಂಡಾದರೆ ಜಗಳ, ಗಂಟೆಯಾದರೆ ಯಾರಿಗೋ ಜ್ವರ. ಶಹನಾಯಿ ಬಂದರೆ ಶುಭ, ಆದರೆ ಅದು ಇನ್ನೂ ಬಂದಿರಲಿಲ್ಲ. ಉಳಿದ ಕಥೆಯನ್ನು ಮಗ್ಗದ ಪಕ್ಕ ಕೂತು ನಾನೇ ನೇಯುತ್ತಿದ್ದೆ.

ಒಂದು ವಾರ ಸಿತಾರ ಶುರುವಾಗುತ್ತಲೇ ಸತ್ತುಹೋಯಿತು. ಧೈರ್ಯ ಮಾಡಿ ಸೊಸೆಯನ್ನು ಮನೆ ಬಿಡಿಸಿದೆ. ಅಕ್ಕನ ಕೈ ಎಳೆಯ ಮೇಲೇ ನಿಂತಿತು. "ಆ ಹುಡುಗಿ ಹೊಳ್ಳಿ ಮನಿಗೆ ಬಂದು, ನಾ ಬಾದಾಮಿ ಬನಶಂಕರಿಗೆ ಕಾಯಿ ಒಡಸೂತನಕ ಸಕ್ರಿ ಮುಟ್ಟಂಗಿಲ್ಲ" ಎಂದಳು.

ಅಕ್ಕನ ಪಾಲಿಗೆ ಚಹಾ ಎಂದರೆ ಸಕ್ಕರೆಗೆ ಬಣ್ಣ ಬರಿಸುವ ಒಂದು ಉಪಾಯ. ಅಂಥವಳು ಸಪ್ಪೆ ಚಹಾ ಕುಡಿದು ಮುಖ ಕಿವುಚುವುದನ್ನು ನೋಡಿ ನನಗೆ ಊಟ ಸೇರದಾಯಿತು. ಮರುವಾರವೇ ಸೊಸೆಯನ್ನು ಕರೆತಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ಸುಳ್ಳಿಗೂ ಒಂದು ನೀತಿ ಬೇಡವೆ? ಶಹನಾಯಿ ಊದದೆ ಹೇಗೆ ಕರೆತರಲಿ? ವಾರ ವಾರ ಟಿ.ವಿ. ಎದುರು ಕೈಮುಗಿದು ಕೂತೆ. ಮಲ್ಲಪ್ಪ ಕಾಕಾ, "ಇನ್ನೂ ದೇವರು ಬಂದಿಲ್ಲಲೇ, ಬರೇ ಕಂಪನಿ ಬಂದೈತಿ" ಎಂದು ನಗುತ್ತಿದ್ದ.

ಕೊನೆಗೊಂದು ಸಂಜೆ ದೀಪ ತಿರುಗಿತು, ಹಿಂದೆ ಸಾಕ್ಷಾತ್ ಶಹನಾಯಿ, ಅದರ ಮೇಲೊಂದು ತಬಲಾ ಪೆಟ್ಟು. ಕಥೆ ನೋಡಲೂ ನಿಲ್ಲದೆ ಓಡಿಬಂದು ಸುದ್ದಿ ಮುಟ್ಟಿಸಿದೆ. ಅಕ್ಕ ಅಂದೇ ಕಾಯಿ ತರಿಸಿದಳು.

ಬಾದಾಮಿಯ ಬಸ್ಸಿಗೆ ಹುನಗುಂದದಲ್ಲಿ ಹತ್ತಿದ ಹೆಣ್ಣುಮಗಳೊಬ್ಬಳು ಅಕ್ಕನ ಪಕ್ಕ ಕೂತು ಹರಕೆ ಏನೆಂದು ಕೇಳಿದಳು. ಅಕ್ಕ ಹೇಳಿದಳು. ಆಕೆ ಕಣ್ಣು ಕಿರಿದು ಮಾಡಿ, "ಆಕಿ ಎಲ್ಲಿ ಮನಿ ಬಿಟ್ಟಿದ್ದಳ್ರಿ? ಅತ್ತಿ-ಸೊಸಿ ಕೂಡೇ ಇದ್ರಲ್ಲ. ಆ ಕಥಿ ಮುಗಿದೇ ಹೋತು. ಮೊನ್ನಿ ಶುರುವಾಗಿದ್ದು ಅದೇ ಕಂಪನಿದು ಬ್ಯಾರೆ ಕಥಿ" ಎಂದಳು.

ನಾನು ಕಿಟಕಿಯಾಚೆಯ ಜೋಳದ ಹೊಲಗಳನ್ನು ಆಸಕ್ತಿಯಿಂದ ನೋಡತೊಡಗಿದೆ. ಅಕ್ಕ ಮಾತ್ರ ಅಲುಗಲಿಲ್ಲ. "ನಿಮಗ ಹಿಂದಿ ಬರಂಗಿಲ್ಲ ಅಂತ ಕಾಣ್ತೈತ್ರಿ. ನಮ್ಮ ತಮ್ಮಗ ಬರ್ತೈತಿ. ಹೇಳೋ ತಮ್ಮಾ."

ಅರ್ಧ ಬಸ್ಸು ನನ್ನತ್ತ ತಿರುಗಿತು. ನಿಜ ಒಪ್ಪಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಾರದು. ಬಾಯಿ ತೆರೆದೆ. ಮೊದಲು ಸಿತಾರ ಬಂತು, ಆಮೇಲೆ ಗಂಟೆ, ಆಮೇಲೆ ಇಡೀ ಕಥೆ. ಬಾದಾಮಿ ಬರುವಷ್ಟರಲ್ಲಿ ಹುನಗುಂದದಾಕೆಯೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಕಾಯಿ ಒಡೆಸಿ ಹೋಟೆಲಿಗೆ ಬಂದೆವು. ಅಕ್ಕ ಚಹಾಕ್ಕೆ ಸಕ್ಕರೆ ಹೆಚ್ಚಿಗೆ ಹಾಕಲು ಹೇಳಿ ಹಿಗ್ಗಿ ಕೂತಳು. ಪಾಪಪ್ರಜ್ಞೆ ತಡೆಯದೆ ನಾನು, "ನನಗ ಸಪ್ಪಂದು ಕೊಡ್ರಿ" ಎಂದೆ.

"ಯಾಕೋ, ನಿನ್ನ ಮನಿ ಯಾರು ಬಿಟ್ಟು ಹೋದ್ರು?" ಎಂದಳು ಅಕ್ಕ.

ಪ್ರಾಯಶ್ಚಿತ್ತವೆಂದು ಎರಡು ಗುಟುಕು ಕುಡಿದೆ. ಮೂರನೆಯದಕ್ಕೆ ಸಕ್ಕರೆ ಕೇಳಿದೆ.